ಎಡಗಾಲು ಬಿಟ್ಟ ಗೆರೆ

ನನ್ನ ಫಿಗರ್ ಸ್ಕೇಟಿಂಗ್ ಬೂಟಿಗೆ ಹೊಸ ಬ್ಲೇಡ್ ಹಾಕಿಸಿ ಮೂರನೇ ದಿನ. ಬೆಳಗ್ಗೆ ನಾನು ಹೋದಾಗ ಐಸ್ ಮೇಲೆ ಇನ್ನೂ ಯಾರೂ ಇಳಿದಿರಲಿಲ್ಲ. ಬಲಗಾಲಿನ ಮೇಲೆ ನೇರಕ್ಕೆ ಜಾರಿದೆ. ಆಮೇಲೆ ಎಡಗಾಲಿನ ಮೇಲೆ. ವಾಪಸ್ ಬಂದು ಮಂಡಿಯೂರಿ ಗೆರೆಗಳನ್ನು ನೋಡಿದೆ. ಬಲಗಾಲಿನದು ಎರಡು ಸಣ್ಣ ಗೆರೆ, ರೈಲು ಹಳಿಯ ಹಾಗೆ ಜೋಡಿಯಾಗಿ ಹೋಗಿದ್ದವು. ಎಡಗಾಲಿನದು ಒಂದೇ ಗೆರೆ. ಅದೂ ಹೋಗ್ತಾ ಹೋಗ್ತಾ ಒಳಕ್ಕೆ ಬಾಗಿತ್ತು.

ಈ ಬ್ಲೇಡಿನ ದಪ್ಪ ಸುಮಾರು 4 ಮಿಲಿಮೀಟರ್. ತಳದಲ್ಲಿ ಉದ್ದಕ್ಕೂ ಒಂದು ತೋಡು, ತೋಡಿನ ಆಚೆ ಈಚೆ ಒಂದೊಂದು ಅಂಚು. ಕಾಲು ನೆಟ್ಟಗಿದ್ದರೆ ಎರಡೂ ಅಂಚು ಐಸ್ ಮುಟ್ಟಬೇಕು. ನನ್ನ ಎಡಗಾಲು ಒಳ ಅಂಚಿನ ಮೇಲೇ ಕೂತಿತ್ತು.

ಹಳೇ ಬ್ಲೇಡಿನಲ್ಲೂ ಇದೇ ಕಥೆ. ಅದು ಸವೆದು ಹೋಗಿದೆ, ಹೊಸದು ತಗೊಂಡರೆ ಸರಿಹೋಗುತ್ತೆ ಅಂದುಕೊಂಡಿದ್ದೆ. ಆರಿಸೋಕೇ ಒಂದು ತಿಂಗಳು ತಗೊಂಡೆ. ಚೆನ್ನಾಗಿ ಸ್ಕೇಟ್ ಮಾಡುವ ಕೆಲವರ ಕಾಲಲ್ಲಿ ಪ್ಯಾಟರ್ನ್ 99 ಅನ್ನೋ ಬ್ಲೇಡ್ ನೋಡಿ ಅದರ ಮೇಲೆ ಆಸೆ ಹುಟ್ಟಿತ್ತು. ಕೊನೆಗೆ ತಗೊಂಡಿದ್ದು ಕೊರೊನೇಷನ್ ಏಸ್. ಎರಡೂ ಇಂಗ್ಲೆಂಡಿನ ಶೆಫೀಲ್ಡಿನ ಜಾನ್ ವಿಲ್ಸನ್ ಕಂಪನಿಯವೇ. ವ್ಯತ್ಯಾಸ ಇರೋದು ಮುಖ್ಯವಾಗಿ ರಾಕರ್‌ನಲ್ಲಿ, ಅಂದರೆ ಬ್ಲೇಡಿನ ತಳ ಮುಂದಿನಿಂದ ಹಿಂದಕ್ಕೆ ಬಾಗಿರುವ ಬಾಗಿನಲ್ಲಿ. ಪ್ಯಾಟರ್ನ್ 99ರದು 8 ಅಡಿ ತ್ರಿಜ್ಯದ ವೃತ್ತದ ತುಣುಕು, ಏಸ್‌ನದು 7 ಅಡಿ. 8 ಅಡಿಯದು ಹೆಚ್ಚು ಚಪ್ಪಟೆ. ಒಮ್ಮೆ ವೇಗ ಹಿಡಿದರೆ ಜಾರಿಕೊಂಡು ಹೋಗುತ್ತೆ. 7 ಅಡಿಯದು ಜಾಸ್ತಿ ಬಾಗಿರುತ್ತೆ, ತಿರುವುಗಳಿಗೆ ಬೇಗ ಒಗ್ಗುತ್ತೆ. ನನ್ನ ಕಾಲು ಕಲಿತದ್ದು 7 ಅಡಿಯ ಮೇಲೆ. ವಾರಕ್ಕೆ ಎರಡು ದಿನ ಐಸ್ ಮೇಲೆ ಇಳಿಯುವವಳಿಗೆ ಆ ಅಭ್ಯಾಸ ಬಿಡಿಸಿ ಇನ್ನೊಂದು ಕಲಿಸೋಕೆ ಪುರುಸೊತ್ತು ಎಲ್ಲಿದೆ?

ಅವತ್ತು ಮಧ್ಯಾಹ್ನ ಸಾಣೆ ಹಿಡಿಯುವವರ ಹತ್ತಿರ ಹೋದೆ. ಜೊತೆಗೆ ಇನ್ನೊಂದು ಬೇಡಿಕೆಯೂ ಇತ್ತು. ಟೋ ಪಿಕ್‌ನ, ಅಂದರೆ ಬ್ಲೇಡಿನ ಮುಂತುದಿಯಲ್ಲಿರುವ ಹಲ್ಲುಗಳ ಸಾಲಿನ, ಕೆಳಗಿನ ಹಲ್ಲು ಹಳೆಯದಕ್ಕಿಂತ ದೊಡ್ಡದು. ಎರಡು ದಿನದಲ್ಲಿ ಮೂರು ಸಲ ಎಡವಿದ್ದೆ. ಸ್ವಲ್ಪ ತೇಯ್ದು ಕೊಡಿ ಅಂದೆ.

"ಸ್ಪಿನ್ ಮಾಡುವಾಗ ಎಲ್ಲಿ ನಿಲ್ತೀರಿ?" ಅಂತ ಕೇಳಿದರು. ಬೆರಳುಗಳ ಬುಡದಲ್ಲಿ ಅಂದೆ. ಬ್ಲೇಡ್ ಮೇಲ್ಮುಖ ಮಾಡಿ, ಟೋ ಪಿಕ್‌ನ ಹಿಂದೆ ಬಾಗು ಜಾಸ್ತಿಯಾಗುವ ಜಾಗದ ಮೇಲೆ ಬೆರಳಿಟ್ಟರು. "ನೀವು ತಿರುಗೋದು ಇದರ ಮೇಲೆ. ಈ ಹಲ್ಲು ಐಸ್ ಮೇಲೆ ಮೆಲ್ಲಗೆ ಗೀರುತ್ತಾ ನಿಮ್ಮನ್ನು ಇಲ್ಲೇ ನಿಲ್ಲಿಸುತ್ತೆ. ತೇಯ್ದು ಬಿಟ್ರೆ ವಾಪಸ್ ಬರಲ್ಲ. ಒಂದು ತಿಂಗಳು ನೋಡಿ." ಸಾಣೆ ಹಿಡಿದು ಹಿಡಿದು ಬ್ಲೇಡ್ ಸವೆದಾಗ ಹಲ್ಲು ಕೆಳಕ್ಕೆ ಇಳಿದ ಹಾಗಾಗುತ್ತೆ, ಆಗ ಅಷ್ಟೇ ಅಷ್ಟು ತೇಯಬೇಕು ಅಂತಲೂ ಹೇಳಿದರು. ಬೇಡ ಅಂದ ಆ ಮಾತಿಗೆ ನಾನು ಇವತ್ತಿಗೂ ಋಣಿ. ಎಡವೋದು ಎರಡು ವಾರಕ್ಕೆ ನಿಂತಿತು.

ಆಮೇಲೆ ಎಡಗಾಲಿನ ವಿಷಯ ಹೇಳಿದೆ. ಮೊದಲು ಅಂಚು ನೋಡಿದರು. ಬ್ಲೇಡಿಗೆ ಅಡ್ಡಲಾಗಿ ಒಂದು ಸಣ್ಣ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರು. ಪಟ್ಟಿ ಒಂದು ಕಡೆಗೆ ವಾಲಿದ್ದರೆ ಒಂದು ಅಂಚು ಎತ್ತರ ಅಂತ. ಹಳೇ ಬ್ಲೇಡಿಗೆ ಬೇರೆ ಕಡೆ ಸಾಣೆ ಹಿಡಿಸಿದಾಗ ಹಾಗೇ ಆಗಿತ್ತು. ಇದರಲ್ಲಿ ಪಟ್ಟಿ ಸರಿಯಾಗಿಯೇ ಕೂತಿತ್ತು. ನಂತರ ಬೂಟು ಹಾಕಿಸಿ ನಿಲ್ಲಿಸಿದರು, ಹಿಂದೆ ಬಂದು ಕೂತು ನನ್ನ ಹಿಮ್ಮಡಿ ನೋಡಿದರು. ಪಾದ ಒಳಕ್ಕೆ ಬೀಳುತ್ತಿತ್ತು.

ಹೊಸ ಬ್ಲೇಡನ್ನು ಮೊದಲು ತಾತ್ಕಾಲಿಕ ಸ್ಕ್ರೂಗಳಲ್ಲಿ, ಉದ್ದುದ್ದ ತೂತುಗಳಲ್ಲಿ ಕೂರಿಸುತ್ತಾರಲ್ವಾ, ಅದು ಇದಕ್ಕೇ. ಅಟ್ಟೆಯ ಮೇಲೆ ಬ್ಲೇಡಿನ ಅಂಚಿಗೆ ಸೇರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದರು. ಸ್ಕ್ರೂ ಸಡಿಲಿಸಿದರು. ಹೆಬ್ಬೆರಳಿನಿಂದ, ಬ್ಲೇಡನ್ನು ಅಟ್ಟೆಗೆ ಹಿಡಿದಿರುವ ಮುಂದಿನ ತಟ್ಟೆಯನ್ನು ಒಳಗಡೆಗೆ ತಳ್ಳಿದರು, ಸುಮಾರು 2 ಮಿಲಿಮೀಟರ್. ಹೊರಗಡೆಗೆ ತಳ್ಳಬೇಕು ಅಂತ ನಾನು ಅಂದುಕೊಂಡಿದ್ದೆ. ಭಾರ ಬೀಳುವ ಕಡೆಗೇ ಬ್ಲೇಡ್ ಹೋಗಬೇಕಂತೆ, ವಾಲುವ ಗೋಡೆಗೆ ಆ ಕಡೆಯಿಂದಲೇ ಆನಿಕೆ ಕೊಡುವ ಹಾಗೆ.

ಸಂಜೆ ಮತ್ತೆ ಐಸ್ ಮೇಲೆ ಇಳಿದೆ. ಜನ ಇದ್ದರು, ನೆಲದ ತುಂಬ ಗೀರು. ಒಂದು ಮೂಲೆಯಲ್ಲಿ ಸ್ವಲ್ಪ ನುಣುಪು ಜಾಗ ಸಿಕ್ಕಿತು. ಎಡಗಾಲಿನ ಮೇಲೆ ನಿಂತು, ಉಸಿರು ಬಿಟ್ಟು, ಸುಮ್ನೆ ಜಾರಿದೆ. ನಾಲ್ಕೈದು ಮೀಟರ್ ಅಷ್ಟೇ. ಬಗ್ಗಿ ನೋಡಿದರೆ ಎರಡು ಗೆರೆ! ಹೊರಗಡೆಯದು ತೆಳ್ಳಗೆ, ಕೂದಲೆಳೆಯಷ್ಟು. ಆದರೆ ಇತ್ತು. ಗ್ಲೌಸ್ ತೆಗೆದು ಬೆರಳಿನಿಂದ ಮುಟ್ಟಿ ನೋಡಿದೆ.

ಮೂರು ವಾರ ಬಿಟ್ಟು ಕಾಯಂ ಸ್ಕ್ರೂ ಹಾಕಿಸಿದೆ. ಆ ಪೆನ್ಸಿಲ್ ಗೆರೆ ಅಟ್ಟೆಯ ಮೇಲೆ ಇನ್ನೂ ಇದೆ. ಸ್ಕೇಟ್ ಒರೆಸಿ ಇಡುವಾಗಲೆಲ್ಲ ಕಾಣುತ್ತೆ, ಬ್ಲೇಡಿನಿಂದ ಎರಡೇ ಮಿಲಿಮೀಟರ್ ದೂರದಲ್ಲಿ.