ಜೂಲಿ ಏನಾದಳು?

"ಆಂಟಿ, ಆಮೇಲೆ ಆ ಜೂಲಿ ಏನಾದಳು?"

ಭಾನುವಾರ ಸಿನಿಮಾ ಮುಗಿದಾಗ ಅಣ್ಣನ ಮಗಳ ಗೆಳತಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಹುಡುಗಿ ಉತ್ತರ ಕೊಟ್ಟಳು. "ಅವಳು ಸೈಡ್ ಕ್ಯಾರೆಕ್ಟರ್ ಕಣೇ!" ಇಬ್ಬರೂ ನಕ್ಕರು. ಒಬ್ಬಳು ಸ್ವಲ್ಪ ಕಡಿಮೆ ನಕ್ಕಳು.

ನೋಡಿದ್ದು ಗ್ರೆಟಾ ಗರ್ವಿಗ್ ನಿರ್ದೇಶನದ 'ಲೇಡಿ ಬರ್ಡ್', 2017ರದ್ದು. ಒಂದೆರಡು ಕಡೆ ನಾನು ನೀರು ಕುಡಿಯೋ ನೆಪ ಮಾಡಿ ಎದ್ದು ಹೋದೆ, ಅದು ಬಿಡಿ. ಸ್ಯಾಕ್ರಮೆಂಟೊದ ಹುಡುಗಿ. ಊರು ಬಿಟ್ಟು ನ್ಯೂಯಾರ್ಕಿಗೆ ಹೋಗಬೇಕು ಅಂತ ಹಟ. ಜೂಲಿ ಅವಳ ಜೀವದ ಗೆಳತಿ. ಇಬ್ಬರೂ ನೆಲದ ಮೇಲೆ ಬಿದ್ದುಕೊಂಡು, ಕಾಲು ಮೇಲೆತ್ತಿ, ಚರ್ಚಿನ ಪರಮಪ್ರಸಾದದ ಬಿಲ್ಲೆಗಳನ್ನು ಚಿಪ್ಸ್ ಥರ ಮೆಲ್ಲುತ್ತಾರೆ. ಪರವಾಗಿಲ್ಲ, ಅದಕ್ಕಿನ್ನೂ ಮಂತ್ರ ಆಗಿಲ್ಲವಂತೆ! ಹೇಳಬಾರದ್ದೆಲ್ಲ ಹೇಳಿಕೊಂಡು ನಗುತ್ತಾರೆ. ಹುಡುಗಿಯರು ನಿಜಕ್ಕೂ ಹಾಗೇ ನಗೋದು.

ಆಮೇಲೆ ದುಡ್ಡಿರೋ ಹೊಸ ಗೆಳತಿ ಸಿಗುತ್ತಾಳೆ, ಜೂಲಿ ಬೇಡವಾಗುತ್ತಾಳೆ. ಸ್ಕೂಲಿನ ಡಾನ್ಸ್ ಪಾರ್ಟಿ ರಾತ್ರಿ ನಾಯಕಿ ಹೊಸ ಗುಂಪು ಬಿಟ್ಟು ವಾಪಸ್ ಬಂದರೆ, ಜೂಲಿ ಮನೆಯಲ್ಲಿ ಒಬ್ಬಳೇ ಅಳುತ್ತಿರುತ್ತಾಳೆ. ಖುಷಿಯಾಗಿರೋದು ಕೆಲವರ ಹಣೆಯಲ್ಲಿ ಬರೆದಿಲ್ಲ ಅನ್ನೋ ಅರ್ಥದ ಮಾತಾಡುತ್ತಾಳೆ. ಎಂಥ ಮಾತು! ಆದರೆ ಅದೇನು ಅಂತ ಸಿನಿಮಾ ಕೆದಕೋದಿಲ್ಲ. ಇಬ್ಬರೂ ಕುಣಿಯೋಕೆ ಹೋಗುತ್ತಾರೆ. ಕೊನೆಗೆ ನ್ಯೂಯಾರ್ಕಿನಿಂದ ಫೋನ್ ಹೋಗೋದು ಅಮ್ಮನಿಗೆ.

ನಮ್ಮ ಹುಡುಗಿಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಗೆಳತಿ ಇಲ್ಲೇ ಸಾಗರದಲ್ಲಿ ಬಿಕಾಂ. ನಮ್ಮವಳು ಕೆಟ್ಟವಳಲ್ಲ, ಬಾಯಿ ಮಾತ್ರ ಅಪ್ಪನದು. ಆದರೂ ಈ ವಾರವಿಡೀ ದೋಸೆ ಹೊಯ್ಯುವಾಗಲೂ ಅದೇ ಮಾತು ಕಿವಿಯಲ್ಲಿ. ಸೈಡ್ ಕ್ಯಾರೆಕ್ಟರ್ ಕಣೇ!

ನಮ್ಮ ಕಾಲೇಜ್ ಸಿನಿಮಾಗಳು ಇನ್ನೂ ಕಷ್ಟ. ಹುಡುಗರ ಗ್ಯಾಂಗಿಗೆ ಹಾಸ್ಟೆಲ್, ಜಗಳ, ಕಣ್ಣೀರು ಎಲ್ಲ ಉಂಟು. ಹೀರೋಯಿನ್ ಗೆಳತಿಗೆ ಸಿಗೋದು ಚೀಟಿ ತಲುಪಿಸೋ ಕೆಲಸ, ಇಲ್ಲಾ ಕಾಮಿಡಿಯನ್ ಜೊತೆ ಜೋಡಿ.

ರೀಮಾ ದಾಸ್ ಅವರ ಅಸ್ಸಾಮಿ ಸಿನಿಮಾ 'ಬುಲ್‌ಬುಲ್ ಕ್ಯಾನ್ ಸಿಂಗ್' (2018) ಬೇರೆ ಥರ. ಬರೆದದ್ದು, ಕ್ಯಾಮೆರಾ ಹಿಡಿದದ್ದು, ಎಡಿಟ್ ಮಾಡಿದ್ದು ಎಲ್ಲಾ ಅವರೇ. ಅಲ್ಲಿ ಬುಲ್‌ಬುಲ್‌ಗೆ ಬಾನಿ ಅಂತ ಗೆಳತಿ. ಹುಡುಗರ ಜೊತೆ ಸಿಕ್ಕಿಬಿದ್ದರು ಅಂತ ಜನ ಹೊಡೀತಾರೆ, ಸ್ಕೂಲಿನವರು ಹೊರಗೆ ಹಾಕ್ತಾರೆ. ಬಾನಿ ಜೀವ ಕಳೆದುಕೊಳ್ಳುತ್ತಾಳೆ. ಅಲ್ಲಿಂದ ಸಿನಿಮಾದ ತುಂಬ ಅವಳೇ. ಒಳ್ಳೆ ಸಿನಿಮಾ, ಅನುಮಾನವಿಲ್ಲ. ಆದರೆ ಗೆಳತಿಯನ್ನು ನಾವು ನೆಟ್ಟಗೆ ನೋಡಬೇಕಾದರೆ ಅವಳು ಸಾಯಲೇಬೇಕಾ?

ಪಿಯುಸಿ ಆದ ಮೇಲೆ ನನ್ನ ಗೆಳತಿಯೂ ಮೈಸೂರಿಗೆ ಹೋದಳು. ನಾನು ಇಲ್ಲೇ ಉಳಿದೆ. ಮೊದಮೊದಲು ಇನ್‌ಲ್ಯಾಂಡ್ ಲೆಟರಿನ ಮಡಚುವ ಅಂಚಲ್ಲೂ ಬರೀತಿದ್ದಳು. ಆಮೇಲೆ ಅರ್ಧ ಹಾಳೆ ಖಾಲಿ. ಅವಳ ಕಥೆಯಲ್ಲಿ ನನ್ನ ಪಾತ್ರ ಅಲ್ಲಿಗೆ ಮುಗಿಯಿತು. ಇತ್ತ ನಾನು ಟೈಪಿಂಗ್ ಕಲಿತೆ. ಪಕ್ಕದ ಬೆಂಚಿನವಳ ಜೊತೆ ಮನೆಯಲ್ಲಿ ಹೇಳದೆ ಜೋಗದ ಬಸ್ಸು ಹತ್ತಿದೆ. ಮಳೆಯಲ್ಲಿ ನೆನೆದು ಬಂದು ಅಮ್ಮನ ಕೈಲಿ ಬೈಸಿಕೊಂಡೆ. ಆ ಬೆಂಚಿನವಳು ಈಗಲೂ ಜೊತೆಗಿದ್ದಾಳೆ. ಮೈಸೂರಿನವಳಿಗೆ ಇವಳ ಹೆಸರೂ ಗೊತ್ತಿಲ್ಲ.