ಡೈರಿ ಕೊನೇ ಪೇಜು

ಮಗಳ ಸ್ಕೂಲ್ ಡೈರಿಗೆ ಸೈನ್ ಹಾಕೋಣ ಅಂತ ತೆಗೆದ್ರೆ ಕೊನೇ ಪೇಜಲ್ಲಿ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ, ಸುತ್ತ ಹೂಬಳ್ಳಿ ಬೇರೆ ಬಿಡಿಸಿ, ಪಾಸ್‌ವರ್ಡ್ ಬರ್ದಿಟ್ಟಿದಾಳೆ! ಅವಳ ಹೆಸರು, ಪಕ್ಕದಲ್ಲಿ 2014. ಅಷ್ಟೇ.

"ಯಾರಾದ್ರೂ ನೋಡಿದ್ರೆ ಏನೇ ಮಾಡ್ತೀಯ?"

"ನಮ್ ಬೆಂಚಲ್ಲಿ ಎಲ್ರಿಗೂ ಗೊತ್ತಮ್ಮ, ಬೆಸ್ಟ್ ಫ್ರೆಂಡ್ಸ್ ಅಲ್ವಾ."

(ಹೋದ್ವಾರ ಟೂ ಬಿಟ್ಟಿದ್ದೂ ಅವರ ಹತ್ರಾನೇ.)

ಸರಿ, ಕೂತು ಚೇಂಜ್ ಮಾಡಿದ್ವಿ. ಒಂದಕ್ಕೊಂದು ಸಂಬಂಧಾನೇ ಇಲ್ದಿರೋ ನಾಲ್ಕು ಪದ ಸೇರ್ಸು, ಉದ್ದ ಇದ್ದಷ್ಟೂ ಊಹಿಸೋದು ಕಷ್ಟ ಅಂದೆ. ನಾಲ್ಕೇ ಅಂಕಿ ಇದ್ರೆ ಒಟ್ಟು 10,000 ಜೋಡಣೆ ಅಷ್ಟೇ, ಕಂಪ್ಯೂಟರ್‌ಗೆ ಅದೇನ್ ಮಹಾ ಅಂತ ಭಾಷಣಾನೂ ಬಿಗಿದೆ. ತಲೆ ಆಡಿಸ್ತಾ ಎಲ್ಲಾ ಕೇಳಿಸ್ಕೊಂಡು, ಸ್ಕೆಚ್ ಪೆನ್ ಕ್ಯಾಪ್ ಹಾಕ್ತಾ ಹಾಕ್ತಾ ಮೆಲ್ಲಗೆ ಕೇಳಿದ್ಳು.

"ಅಮ್ಮಾ, ನಿನ್ ಫೋನ್ ಪಿನ್ನೂ 2014ನೇ ಅಲ್ವಾ?"