ರಿಪೋರ್ಟರ್ ಹೊಳೆಯಬಾರದ ಕಡೆಯೂ ನೋಡಿ

ಹಾರ್ಮೋನ್ ಜೀನ್‌ಗಳ ಸ್ವಿಚ್ ಹುಡುಕೋದೇ ನನ್ನ ಕೆಲಸ. ಲ್ಯಾಬ್‌ಗೆ ಹೊಸದಾಗಿ ಸೇರಿದವರು ತಮ್ಮ ಜೀನ್ ಎಲ್ಲಿ ಕೆಲಸ ಮಾಡಬೇಕು ಅಂತ ಥಟ್ಟನೆ ಹೇಳುತ್ತಾರೆ. ಎಲ್ಲಿ ಸುಮ್ಮನಿರಬೇಕು ಅಂದರೆ ತಡವರಿಸುತ್ತಾರೆ.

ಇನ್ಸುಲಿನ್ ಜೀನ್ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇದೆ. ಜೋರಾಗಿ ಓಡುವುದು ಮಾತ್ರ ಮೇದೋಜೀರಕದ ಬೀಟಾ ಕೋಶದಲ್ಲಿ. ಜೀನಿನ ಮುಂಚೆ ಬರುವ ಕೆಲವು ನೂರು ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಸ್ವಿಚ್, ಅಂದರೆ ಪ್ರೊಮೋಟರ್ ಮೇಲೆ ಪಿಡಿಎಕ್ಸ್-1, ನ್ಯೂರೋಡಿ-1, ಮಾಫ್-ಎ ಪ್ರೋಟೀನ್‌ಗಳು ಬಂದು ಕೂರುತ್ತವೆ. ಬಿಡಿಬಿಡಿಯಾಗಿ ಇವು ಬೇರೆ ಕೋಶಗಳಲ್ಲೂ ಸಿಗುತ್ತವೆ. ಒಟ್ಟಿಗೆ ಸೇರಿದಾಗಲೇ ಆಟ ಶುರು.

ಈ ಪ್ರೊಮೋಟರ್ ತುಂಡನ್ನು ಲೂಸಿಫೆರೇಸ್ ಅನ್ನೋ, ಆನ್ ಆದರೆ ಬೆಳಕು ಕೊಡುವ ರಿಪೋರ್ಟರ್ ಜೀನಿಗೆ ಅಂಟಿಸಿ ಬೀಟಾ ಕೋಶಕ್ಕೆ ಹಾಕಿದರೆ ಬೆಳಕು ಬರುತ್ತದೆ. ಅಷ್ಟಕ್ಕೇ ಅದನ್ನು 'ಅಂಗಾಂಶ-ನಿರ್ದಿಷ್ಟ' ಅನ್ನೋಕೆ ಆಗಲ್ಲ. ಹೀಲಾದಂಥ (ಗರ್ಭಕಂಠದ ಕ್ಯಾನ್ಸರ್‌ನಿಂದ ಬಂದ ಲ್ಯಾಬ್ ಕೋಶ) ಸಂಬಂಧವೇ ಇಲ್ಲದ ಕೋಶದಲ್ಲೂ ಹಾಕಿ, ಕತ್ತಲೆ ಉಳಿಯುತ್ತದಾ ನೋಡಬೇಕು. ಆಯ್ದ ಕೋಶಗಳಲ್ಲಿ ಮಾತ್ರ ಜೀನ್ ಕತ್ತರಿಸೋಕೆ ಇಲಿಗಳಲ್ಲಿ ಬಳಸುವ ರಿಪ್-ಕ್ರೀ ಇದೆಯಲ್ಲ, ಅದರಲ್ಲಿರೋದು ಇದೇ ಥರದ ಇನ್ಸುಲಿನ್ ಪ್ರೊಮೋಟರ್. ಬೀಟಾ ಕೋಶಕ್ಕೆಂದೇ ಮಾಡಿದ್ದು, ಮೆದುಳಿನ ಹೈಪೋಥಲಾಮಸ್‌ನಲ್ಲೂ ಆನ್ ಆಯಿತು. ಹಸಿವು, ತೂಕ ನೋಡಿಕೊಳ್ಳುವ ಜಾಗ ಅದು. ಡಯಾಬಿಟೀಸ್ ಪ್ರಯೋಗಕ್ಕೆ ಇದಕ್ಕಿಂತ ದೊಡ್ಡ ತಲೆನೋವು ಬೇಕಾ?

ಇನ್ನೊಂದು ವಿಷಯ: ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ಕೋಶಕ್ಕೆ ಹಾಕಿದ ತುಂಡು ಕ್ರೋಮೋಸೋಮ್‌ನಲ್ಲಿರುವ ಹಾಗೆ ನಡೆದುಕೊಳ್ಳುವುದಿಲ್ಲ. ಮನುಷ್ಯನ ಗ್ರೋತ್ ಹಾರ್ಮೋನ್ ಜೀನ್‌ಗಳನ್ನೇ ತಗೊಳ್ಳಿ. 17ನೇ ಕ್ರೋಮೋಸೋಮ್‌ನಲ್ಲಿ ಐದು ಜೀನ್‌ಗಳು ಸಾಲಾಗಿವೆ, ನೋಡೋಕೆ ಅವಳಿಜವಳಿ. ಒಂದು ಪಿಟ್ಯುಟರಿ ಗ್ರಂಥಿಯಲ್ಲಿ ಓಡಿದರೆ ಉಳಿದ ನಾಲ್ಕು ಪ್ಲಾಸೆಂಟಾದಲ್ಲಿ. ಪಿಟ್ಯುಟರಿಯಲ್ಲಿ ಜೀನ್ ಆನ್ ಮಾಡುವ ಪಿಟ್-1 ಪ್ರೋಟೀನ್ ಕೂರುವ ಜಾಗ ಐದರ ಪ್ರೊಮೋಟರ್‌ನಲ್ಲೂ ಇದೆ! ಪ್ರೊಮೋಟರ್ ಒಂದನ್ನೇ ದಿಟ್ಟಿಸುತ್ತಾ ಕೂತರೆ ವ್ಯತ್ಯಾಸ ಬಗೆಹರಿಯಲ್ಲ. ಪಿಟ್ಯುಟರಿ ಜೀನನ್ನು ಎಬ್ಬಿಸುವ ಮುಖ್ಯ ಭಾಗ ಸುಮಾರು 14,500 ಬೇಸ್ ಆಚೆ ಇದೆ. ನಡುವೆ ಬಿ ಲಿಂಫೋಸೈಟ್ ಅನ್ನೋ ರೋಗನಿರೋಧಕ ಕೋಶಕ್ಕೆ ಸೇರಿದ ಇನ್ನೊಂದು ಜೀನೇ ಇದೆ. ಆ ಭಾಗ ಚುರುಕಾದಾಗ ಪಾಪ ಈ ಪಕ್ಕದ ಜೀನೂ ಪಿಟ್ಯುಟರಿಯಲ್ಲಿ ಆರ್‌ಎನ್‌ಎ ಮಾಡತೊಡಗುತ್ತದೆ.

ಹೀಗಾಗಿ ಈ ಸಾಲಿನ ಬಗ್ಗೆ ಯಾರಾದರೂ ಬರೀ ಲೂಸಿಫೆರೇಸ್ ಗ್ರಾಫ್ ತಂದರೆ, ಮೂಲ ಜಾಗದಲ್ಲೇ ಆ ತುಂಡನ್ನು ತೆಗೆದು ನೋಡಿದ್ದೀರಾ ಅಂತ ಕೇಳುತ್ತೇನೆ. ಸುಲಭದ ಕೆಲಸವಲ್ಲ ಬಿಡಿ. ಇಲಿಯಲ್ಲಿ ಈ ಐದರ ಸಾಲೇ ಇಲ್ಲ, ಇರೋದು ಒಂದೇ ಗ್ರೋತ್ ಹಾರ್ಮೋನ್ ಜೀನ್. ಅದರಲ್ಲಿ ಪರೀಕ್ಷಿಸಬೇಕಾದರೆ ದೂರದ ಸ್ವಿಚ್‌ಗಳ ಸಮೇತ ಮನುಷ್ಯನ ಉದ್ದ ಡಿಎನ್‌ಎ ತುಂಡನ್ನೇ ಸೇರಿಸಬೇಕು.